ತುಂಗಾಳ ತಾಟು

ನಾನು ಒಂದು ಸ್ಟೀಲಿನ ತಾಟು. ಹುಟ್ಟಿದ್ದು ಕಿವಿ ಕಿತ್ತುಹೋಗುವಷ್ಟು ಸದ್ದಿನ ಕಾರ್ಖಾನೆಯಲ್ಲಿ. ಹಾಳೆಯಿಂದ ದುಂಡಗೆ ಕತ್ತರಿಸಿ, ಅಚ್ಚಿನ ಕೆಳಗಿಟ್ಟು, ಒಂದೇ ಏಟಿಗೆ ನನ್ನ ಅಂಚು ಎಬ್ಬಿಸಿದರು. ಅಂಥ ಏಟು ತಿಂದವರು ಮುಂದೆ ಸುಲಭಕ್ಕೆ ಹೆದರುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಕೆಲವು ಕಾಲ ಹೊಳೆಯುತ್ತ ಕುಳಿತಿದ್ದೆ. ಯಾರೋ ಪುಣ್ಯಾತ್ಮರು ತಮ್ಮ ತಾಯಿಯ ನೆನಪಿಗೆಂದು ನನ್ನನ್ನೂ ನನ್ನ ಒಡಹುಟ್ಟಿದವರನ್ನೂ ಕೊಂಡು, ಅಂಚಿನ ಮೇಲೆ ಆ ತಾಯಿಯ ಹೆಸರು ಹಾಕಿಸಿ, ಮಕ್ಕಳನ್ನು ದತ್ತು ಕೊಡುವ ಸರ್ಕಾರಿ ಕೇಂದ್ರಕ್ಕೆ ಕೊಟ್ಟರು.

ತುಂಗಾ ನನಗೆ ಸಿಕ್ಕಿದ್ದು ಅಲ್ಲಿ. ಆರು ವರ್ಷದ ಹುಡುಗಿ. ಕೇಂದ್ರದಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಅಲ್ಲಿಗೆ ಬರುವ ಮೊದಲು ಅವಳು ಹಸಿವನ್ನು ಚೆನ್ನಾಗಿ ಕಂಡಿದ್ದಳು. ನನ್ನ ಅಂಚಿಗೊಂದು ತಗ್ಗು ಬಿದ್ದಿತ್ತು. ಆ ಗುರುತು ಹಿಡಿದು ದಿನವೂ ನನ್ನನ್ನೇ ಹುಡುಕಿ ತೆಗೆಯುತ್ತಿದ್ದಳು. ಗದಗಿನ ವೀರಪ್ಪ, ನೀಲವ್ವ ದಂಪತಿ ಅವಳನ್ನು ಮಗಳಾಗಿ ಕರೆದೊಯ್ಯಲು ಬಂದಾಗಲೂ ನನ್ನನ್ನು ಕೈಬಿಡಲಿಲ್ಲ. ಕೇಂದ್ರದ ಆಯಾ ನಕ್ಕು, "ಒಯ್ಯಿ, ಇದು ನಿಂದ" ಎಂದಳು.

ಅವರದು ಖಾನಾವಳಿಯ ಮನೆ. ಮುಂದೆ ಗಿರಾಕಿಗಳು, ಹಿಂದೆ ಒಲೆ, ನಡುವೆ ಗೋಪುರದ ಹಾಗೆ ಪೇರಿಸಿದ ಜೋಳದ ರೊಟ್ಟಿ. ಇಷ್ಟಿದ್ದೂ ತುಂಗಾ ರೊಟ್ಟಿ ಬಚ್ಚಿಡತೊಡಗಿದಳು. ಹಾಸಿಗೆಯ ಮಡಿಕೆಯಲ್ಲಿ, ಪಾಟಿಚೀಲದಲ್ಲಿ, ದೇವರ ಕೋಣೆಯ ಮೂಲೆಯಲ್ಲಿ. ಇರುವೆ ಸಾಲುಗಟ್ಟಿದಾಗ ವೀರಪ್ಪನ ತಾಯಿ ಗುರುಬಸವ್ವನಿಗೆ ಎಲ್ಲ ಗೊತ್ತಾಯಿತು. ಊರಿಗೆ ಉಣಬಡಿಸುವ ಮನೆಯ ಮರ್ಯಾದೆಗೆ ಪೆಟ್ಟು ಬಿದ್ದಂತೆ ಆಕೆ ಕಿಡಿಕಿಡಿಯಾದಳು. ವೀರಪ್ಪ ರೊಟ್ಟಿಯ ಕಪಾಟಿಗೆ ಕೀಲಿ ಹಾಕಿದ. ಬಚ್ಚಿಡುವುದು ಇನ್ನೂ ಹೆಚ್ಚಾಯಿತು.

"ದತ್ತು ತಗೊಂಡಿದ್ದಕ್ಕ ಕೋರ್ಟಿನ ಆರ್ಡರ್ ಇನ್ನಾ ಆಗಿಲ್ಲ. ಈಗ್ಲೇ ವಾಪಸ್ ಬಿಟ್ಟು ಬಾ" ಎಂದು ಗುರುಬಸವ್ವ ಮಗನಿಗೆ ಹೇಳಿದ್ದು ತುಂಗಾಳ ಕಿವಿಗೆ ಬಿತ್ತು.

ಅವಳು ಅಳಲಿಲ್ಲ. ನನ್ನನ್ನು ತೊಳೆದಳು, ಹಳೆಯ ಫ್ರಾಕಿನಲ್ಲಿ ಸುತ್ತಿದಳು, ಎದೆಗವಚಿಕೊಂಡು ಬಾಗಿಲ ಬಳಿ ಹೋಗಿ ಕುಳಿತಳು. ನನಗೆ ಆ ಮನೆಯವರ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ನೀಲವ್ವ ಹಿಟ್ಟಿನ ಕೈಯಲ್ಲೇ ಮಕ್ಕಳ ರಕ್ಷಣಾ ಕಚೇರಿಗೆ ಫೋನು ಮಾಡಿದಳು. ದತ್ತು ಮನೆಗಳನ್ನು ನೋಡಿಕೊಳ್ಳುವ ಶಾಹೀನಾ ಮೇಡಂ ಅಂದೇ ಬಂದರು. ಎಲ್ಲ ಕೇಳಿಸಿಕೊಂಡು, "ಮೊದ್ಲ ಆ ಕೀಲಿ ತಗೀರಿ" ಎಂದರು. "ಆಕಿ ಕದಿಯಾಕತ್ತಿಲ್ರಿ, ನಾಳಿಗಂತ ಇಟ್ಕೊಳ್ಳಾಕತ್ತಾಳ. ಆಕಿ ತಾಟಿನ್ಯಾಗ ಯಾವಾಗ್ಲೂ ರೊಟ್ಟಿ ಇರ್ಲಿ. ಬಚ್ಚಿಟ್ರೂ ಬೈಬ್ಯಾಡ್ರಿ. ಭಾಳ ದಿನಾ ಹಿಡೀತೈತಿ, ನಾನೂ ಬರ್ತಿರ್ತೀನಿ."

"ಎಷ್ಟರ ದಿನಾ ಹಿಡೀಲಿ ಮೇಡಂ" ಎಂದಳು ನೀಲವ್ವ. "ವಾಪಸ್ ಅನ್ನೂ ಮಾತು ಈ ಮನ್ಯಾಗ ಇನ್ನ ಯಾರೂ ಆಡೂಹಂಗಿಲ್ಲ."

ಅಂದಿನಿಂದ ತುಂಗಾಳ ಕೈಗೆಟಕುವ ಗೋಡೆಯ ಗೂಡಿನಲ್ಲಿ ನನ್ನ ವಾಸ. ರೊಟ್ಟಿ ಮಾಯವಾದಷ್ಟು ಸಲ ನೀಲವ್ವ ಮತ್ತೆ ತಂದು ಹಾಕುತ್ತಿದ್ದಳು. ಒಂದು ಸಂತೆಯ ದಿನ ಗಿರಾಕಿಗಳಿಗೆ ರೊಟ್ಟಿ ಸಾಲದೆ ಗುರುಬಸವ್ವ ನನ್ನ ಮೇಲೆ ಕೈ ಹಾಕಿದಾಗ ನೀಲವ್ವ ಆ ಕೈ ಹಿಡಿದಳು. "ಅತ್ತೀ, ಅದು ತುಂಗಾಂದು. ಗಿರಾಕಿ ಕಾಯ್ಲಿ." ಗಿರಾಕಿಗಳು ಗೊಣಗುತ್ತ ಕಾದರು. ಕೋರ್ಟಿನ ಆರ್ಡರ್ ಬಂತು. ಬಚ್ಚಿಡುವುದು ನಿಲ್ಲಲಿಲ್ಲ. ಮೇಡಂ ಬರುವುದನ್ನೂ ನಿಲ್ಲಿಸಲಿಲ್ಲ.

ಮುಂದಿನ ಬೇಸಿಗೆಯ ಒಂದು ಸಂಜೆ ಗುರುಬಸವ್ವ ಗೂಡಿನ ಮುಂದೆ ನಿಂತುಬಿಟ್ಟಳು. ಬೆಳಗಿನ ರೊಟ್ಟಿ ನನ್ನ ಮೇಲೆ ಹಾಗೇ ಇತ್ತು, ಒಣಗಿ ಸೆಟೆದಿತ್ತು. ಮುದುಕಿ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು. ತುಂಗಾ ಕುಂಟಾಬಿಲ್ಲೆ ಆಡುತ್ತಿದ್ದಳು.

"ತುಂಗಾ, ನಿನ್ನ ರೊಟ್ಟಿ ಇಲ್ಲೇ ಉಳದೈತಲ್ಲ. ಬ್ಯಾಡೇನ?"

"ನೀ ತಿನ್ನಬೇ ಅಜ್ಜೀ" ಎಂದಳು ತುಂಗಾ, ಕುಂಟುತ್ತಲೇ. "ಒಳಗ ಬೇಕಾದಷ್ಟ ಅದಾವ."

ಆ ಮಾತು ಕೇಳಿಸಿ ಒಲೆಯ ಮುಂದೆ ನೀಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಗುರುಬಸವ್ವ ಆ ರೊಟ್ಟಿ ಮುರಿದು, ಮಜ್ಜಿಗೆ ಸುರಿದುಕೊಂಡು, ನನ್ನಲ್ಲೇ ಉಂಡಳು. ಒಂದು ಚೂರನ್ನೂ ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಅಂಚಿನ ಹೆಸರು ಸವೆದು ಅಳಿಸಿದೆ, ಬುಡ ಏರುಪೇರಾಗಿ ನೆಟ್ಟಗೆ ಕೂರಲಾರೆ. ಅಟ್ಟದ ಮೇಲೆ ಸುಮ್ಮನೆ ಬಿದ್ದಿದ್ದೆ. ಇವತ್ತು ಕಾಲೇಜಿನಿಂದ ಬಂದ ತುಂಗಾ ನನ್ನನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದಳು. ಶಾಹೀನಾ ಮೇಡಂ ಕಳಿಸಿದ ಗಂಡಹೆಂಡತಿ ಪಡಸಾಲೆಯಲ್ಲಿ ಕುಳಿತಿದ್ದಾರೆ. ಅವರ ಮನೆಗೆ ಹೊಸದಾಗಿ ದತ್ತು ಬಂದ ಮಗು ತಲೆದಿಂಬಿನ ಕೆಳಗೆ ಬಾಳೆಹಣ್ಣು ಬಚ್ಚಿಡುತ್ತದಂತೆ. ಇಬ್ಬರ ಮುಖವೂ ಬಾಡಿದೆ.

ತುಂಗಾ ನನ್ನ ಮೇಲೆ ಬಿಸಿ ರೊಟ್ಟಿ ಹಾಕಿ ಅವರ ಕೈಗಿಟ್ಟಳು. "ಇದನ್ನ ಖಾಲಿ ಆಗಾಕ ಬಿಡಬ್ಯಾಡ್ರಿ" ಎಂದಳು. "ರೊಟ್ಟಿ ಉಳದು ಒಣಗೂತನಕ ಹಾಕ್ರಿ."

ಹೊರಟಿದ್ದೇನೆ. ಇನ್ನೊಂದು ರೊಟ್ಟಿ ಒಣಗುವುದನ್ನು ನೋಡದೆ ನಾನು ಗುಜರಿಗೆ ಹೋಗುವವನಲ್ಲ.