ಥೆಕ್ಲಾ ಹೊಯ್ದ ಎಣ್ಣೆ

ಹಡಗು ಹೊರಡುವ ಮುನ್ನ ಹತ್ತಿ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಂದು ನಾವಿಕರನ್ನು ಕಾಯುವ ಸಂತ ನಿಕೋಲಾಸನ ಗುಡಿಯಲ್ಲಿ ದೀಪಕ್ಕೆಂದು ಇಟ್ಟ ಜಾಡಿಗೆ ಎಣ್ಣೆ ಹೊಯ್ಯುವುದು ಲಾರ್ನಕಾ ಬಂದರಿನ ಪದ್ಧತಿ. ನಾವಿಕರು ಹೊಯ್ಯುವಂತಿಲ್ಲ, ಪ್ರಯಾಣಿಕರು ಹೊಯ್ಯುವಂತಿಲ್ಲ. ವ್ಯಾಪಾರಿಗಷ್ಟೇ ಆ ಹಕ್ಕು. ಊರಿನ ಒಂದು ಹಡಗು ಕಡಲಲ್ಲಿದ್ದರೂ ಆ ದೀಪ ಆರಬಾರದು, ಆರಿದರೆ ಆ ಹಡಗಿಗೆ ಕೇಡು ಎಂಬ ನಂಬಿಕೆ. ಈ ಸಲ ವಿಧವೆ ಥೆಕ್ಲಾಳ ಸರದಿ ಬಂದಾಗ ಕುಡಿಕೆಯನ್ನು ಅವಳ ಕೈಗಿತ್ತವನು ಬೇರಾರೂ ಅಲ್ಲ, ಹಾಜಿ ಪಿಯೆರಿಸ್. ಜೆರುಸಲೇಮಿನ ಯಾತ್ರೆ ಮುಗಿಸಿ ಹಾಜಿ ಅನ್ನಿಸಿಕೊಂಡ, ಬಂದರಿನ ದೊಡ್ಡ ಕುಳ.

"ಧಾರಾಳವಾಗಿ ಹೊಯ್ಯಮ್ಮಾ. ಜಿಪುಣರನ್ನ ಸಂತರು ಕಾಯಲ್ಲ," ಎಂದು ನಕ್ಕಿದ್ದ.

"ಇಷ್ಟು ವರ್ಷ ನಿಮ್ಮನ್ನೇ ಕಾದಿದ್ದಾರಲ್ಲ ಹಾಜಿಯವರೇ, ನನ್ನನ್ನ ಬಿಟ್ಟಾರಾ?" ಎಂದು ಥೆಕ್ಲಾ ಕುಡಿಕೆಯನ್ನು ಬರಿದು ಮಾಡಿದ್ದಳು.

ಗಂಡ ಪ್ಲೇಗಿಗೆ ಬಲಿಯಾದ ಮೇಲೆ ಹತ್ತಿ ಮಳಿಗೆ ಮಾರಿಬಿಡು ಎಂದು ಹೇಳದವರಿರಲಿಲ್ಲ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಲ ಮಾಡಿ ಹತ್ತಿ ಕೊಂಡಳು, ಗೋಣಿಯೊಳಗೆ ತಾನೇ ಇಳಿದು ತುಳಿದು ಮೂಟೆ ಬಿಗಿದಳು, ಸ್ಮಿರ್ನಾ ಪೇಟೆಯಲ್ಲಿ ಮಾರಲು ತಾನೇ ಹೊರಟಳು. ಅದೇ ಹಡಗಿನಲ್ಲಿ ಪಿಯೆರಿಸನ ಮಾಲೂ ಇತ್ತು, ಪಿಯೆರಿಸನೂ ಇದ್ದ.

ಭೂಶಿರ ದಾಟುವುದರೊಳಗೆ ಗಾಳಿ ಎದ್ದಿತು. ಹಡಗು ಒಂದು ಮಗ್ಗುಲಿಗೆ ವಾಲಿ ನೀರು ಕುಡಿಯತೊಡಗಿತು. ಕಪ್ತಾನ ಝನ್ನಿಸ್ ವ್ಯಾಪಾರಿಗಳ ಮುಂದೆ ಕೈಮುಗಿದು ನಿಂತ. ಮಾಲು ಎಸೆಯದೆ ವಿಧಿಯಿಲ್ಲ, ಆದರೆ ಮೊದಲ ಮೂಟೆಯನ್ನು ವ್ಯಾಪಾರಿಯೇ ತನ್ನ ಕೈಯಾರೆ ಎಸೆಯಬೇಕು. ಹಾಗೆ ಎಸೆದರೆ ನಷ್ಟ ಎಲ್ಲರ ತಲೆಗೂ ಹಂಚಿಕೆಯಾಗುತ್ತದೆ. ಇಲ್ಲದಿದ್ದರೆ ಅಷ್ಟೂ ಕಪ್ತಾನನ ಕುತ್ತಿಗೆಗೆ. ಕಡಲಿನ ನ್ಯಾಯ ಹಾಗಿದೆ.

"ಯಾರಾದ್ರೂ ಕೈ ಹಾಕ್ರಪ್ಪಾ, ಮುಳುಗ್ತಿದೀವಿ!"

ಪಿಯೆರಿಸ್ ತನ್ನ ಮೂಟೆಯೊಂದನ್ನು ತಬ್ಬಿಕೊಂಡು ಕೂತಿದ್ದ. ಉಳಿದ ವ್ಯಾಪಾರಿಗಳು ಅವನ ಮುಖ ನೋಡುತ್ತಿದ್ದರು. ಥೂ, ಪ್ರಾಣ ಹೋಗುವಾಗಲೂ ಲೆಕ್ಕಾಚಾರ! ಥೆಕ್ಲಾಳ ಮೈ ಉರಿದುಹೋಯಿತು. ತಾನೇ ತುಳಿದು ಬಿಗಿದ ಮೂಟೆಯನ್ನು ಉರುಳಿಸಿಕೊಂಡು ಬಂದಳು, ಭುಜ ಕೊಟ್ಟು ಕಡಲಿಗೆ ನೂಕಿದಳು. ಆಮೇಲೆ ನಾವಿಕರು ಕೈಗೆ ಸಿಕ್ಕ ಮೂಟೆಗಳನ್ನೆಲ್ಲ ಎಸೆದರು. ಮೇಲಿದ್ದ ಅವಳ ಮಾಲು ಪೂರ್ತಿ ಹೋಯಿತು, ಉಳಿದವರದು ಅರ್ಧ ಹೋಯಿತು. ಪಿಯೆರಿಸ್ ತಬ್ಬಿಕೊಂಡಿದ್ದ ಮೂಟೆಯೂ ತಳದಲ್ಲಿದ್ದ ಅವನ ಹತ್ತಿಯೂ ಹಾಗೇ ಉಳಿದವು. ಮುರಿದ ಪಟಸ್ತಂಭ ಹೊತ್ತು ಹಡಗು ಲಾರ್ನಕಾಗೇ ಮರಳಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ದಡ ಮುಟ್ಟಿದ್ದೇ ತಡ, ಪಿಯೆರಿಸನಿಗೆ ಬಾಯಿ ಬಂತು. ಸಂತನ ಗುಡಿಯಲ್ಲಿ ಪಂಚಾಯಿತಿ ಸೇರಿತು. ವ್ಯಾಪಾರಿಗಳ ಹಿರಿಯ ಅವ್ರಾಮಿಸ್ ದೀಪದ ಪಕ್ಕ ಕೂತ.

"ಮೊದಲ ಮೂಟೆ ಎಸೆದೋರು ಯಾರು? ಒಬ್ಬ ವಿಧವೆ," ಎಂದ ಪಿಯೆರಿಸ್. "ಗಂಡ ವ್ಯಾಪಾರಿ ಆಗಿದ್ದ, ಸರಿ. ಇವಳು ಹೇಗೆ ವ್ಯಾಪಾರಿ ಆಗ್ತಾಳೆ? ವ್ಯಾಪಾರಿ ಕೈ ಬೀಳಲಿಲ್ಲ ಅಂದ್ಮೇಲೆ ಹಂಚಿಕೆ ಎಲ್ಲಿಂದ ಬಂತು? ಕಪ್ತಾನ ಹಡಗು ಮಾರಿ ಉಳಿದೋರಿಗೆ ಕೊಡ್ಲಿ. ಇವಳು ತನ್ನ ಮಾಲು ತಾನೇ ಬಿಸಾಕಿದ್ದಾಳೆ, ಅನುಭವಿಸ್ಲಿ."

ಝನ್ನಿಸ್ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಈ ಮಾತು ನಿಂತರೆ ಸಾಲಕ್ಕೆ ಥೆಕ್ಲಾಳ ಮಳಿಗೆ ಹೋಗುತ್ತದೆ. ಹೋಗಲಿ, ಇನ್ನು ಈ ಬಂದರಿನಲ್ಲಿ ಯಾವ ಹಡಗೂ ಅವಳ ಮೂಟೆ ಹತ್ತಿಸಿಕೊಳ್ಳುವುದಿಲ್ಲ. ಬದುಕೇ ಮುಗಿದಂತೆ.

"ಅಕ್ಕಾ, ಬಿಟ್ಬಿಡು. ದೊಡ್ಡವರ ಜೊತೆ ನಮಗ್ಯಾಕೆ?" ಎಂದು ಝನ್ನಿಸ್ ಪಿಸುಗುಟ್ಟಿದ.

"ನೀನು ಬೇಕಾದ್ರೆ ಬಿಡು. ನಾನು ಬಿಡೋಳಲ್ಲ," ಎಂದು ಥೆಕ್ಲಾ ಎದ್ದಳು. ನೇರವಾಗಿ ಹೋಗಿ ಎಣ್ಣೆಯ ಜಾಡಿಯನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡಳು.

"ಏಯ್, ಏನಮ್ಮಾ ಅದು?" ಎಂದ ಪಿಯೆರಿಸ್.

"ಇದರೊಳಗೆ ನಾನು ಹೊಯ್ದ ಎಣ್ಣೆ ಇದೆ ಹಾಜಿಯವರೇ. ಕುಡಿಕೆ ಕೊಟ್ಟೋರು ನೀವೇ. ವ್ಯಾಪಾರಿ ಅಲ್ಲದೋಳ ಎಣ್ಣೆ ಸಂತರ ಮುಂದೆ ಉರಿಯೋದು ಅಪಚಾರ ಅಲ್ವಾ? ಬೇರೆ ಮಾಡಿ ಕೊಡಿ, ತಗೊಂಡು ಹೋಗ್ತೀನಿ."

"ಬೆರೆತ ಎಣ್ಣೆ ಬೇರೆ ಮಾಡೋಕಾಗುತ್ತೇನೇ, ಹುಚ್ಚಿ?"

"ಆಗಲ್ವಾ? ಹಾಗಾದ್ರೆ ಪೂರ್ತಿ ಚೆಲ್ಲೋಣ. ನೀವು ಎದ್ದು ದೀಪ ಆರಿಸಿ. ಒಂದು ಮಾತು ಹೇಳಿದ್ರಿ, ಅದನ್ನ ನೀವೇ ನಡೆಸಿಕೊಡಿ."

ಪಿಯೆರಿಸನದೇ ಒಂದು ಹಡಗು ಆಗ ಕಡಲಲ್ಲಿತ್ತು. ಅವನ ಒಬ್ಬನೇ ಮಗ ಅದರಲ್ಲಿದ್ದ. ಎಲ್ಲರಿಗೂ ಗೊತ್ತಿದ್ದ ಸಂಗತಿ. ಥೆಕ್ಲಾ ಜಾಡಿಯನ್ನು ಚೂರು ವಾಲಿಸಿದಳು. ಒಂದು ಹನಿ ನೆಲಕ್ಕೆ ಬಿತ್ತು.

"ಬೇಡ! ಬೇಡ ಕಣಮ್ಮಾ, ಇಟ್ಬಿಡು!" ಪಿಯೆರಿಸನ ಮುಖ ಬಿಳಿಚಿಹೋಗಿತ್ತು.

"ಇಡೋದು ಆಮೇಲಾಯ್ತು ಪಿಯೆರಿಸ್. ಅವಳು ಯಾರು, ಮೊದಲು ಅದನ್ನ ಹೇಳು," ಎಂದ ಅವ್ರಾಮಿಸ್.

"ವ್ಯಾಪಾರಿ."

"ನನಗೆ ಕಿವಿ ಮಂದ ಕಣಯ್ಯಾ."

"ವ್ಯಾಪಾರಿ! ವ್ಯಾಪಾರಿನೇ!"

"ಸರಿ. ನಷ್ಟ ಎಲ್ಲರಿಗೂ ಹಂಚಿಕೆ," ಎಂದು ಮುದುಕ ಕೋಲು ಕುಟ್ಟಿದ. ಝನ್ನಿಸ್ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ.

ಥೆಕ್ಲಾ ಜಾಡಿ ಕೆಳಗಿಡಲಿಲ್ಲ. ದೀಪದ ಹತ್ತಿರ ಹೋಗಿ ಬಟ್ಟಲು ತುಂಬುವವರೆಗೆ ಎಣ್ಣೆ ಹೊಯ್ದಳು. ಪಿಯೆರಿಸನ ಮಗ ಇನ್ನೂ ಕಡಲಲ್ಲಿದ್ದ.