ಜೀರುಂಡೆಯ ಕಣ್ಣು

ನಮ್ಮಣ್ಣನ ಮುಂದೆ ಆಟೋಫೋಕಸ್ ಎಂಬ ಮಾತೆತ್ತುವುದೂ ಒಂದೇ, ಅವನ ಕಾಲು ತುಳಿಯುವುದೂ ಒಂದೇ. "ಹುಳದ ಮುಖದಲ್ಲಿ ಎಲ್ಲಿ ನೋಡ್ಬೇಕು ಅಂತ ಯಂತ್ರಕ್ಕೇನು ಗೊತ್ತು? ಮೀಸೆ ಹಿಡ್ಕೊಂಡು ಕಣ್ಣನ್ನ ಮರೆತುಬಿಡತ್ತೆ" ಎನ್ನುತ್ತಿದ್ದ. ಕೀಟ ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷ ಸೂಜಿಗೆ ಚುಚ್ಚಿದ ಜೀರುಂಡೆಗಳ ಫೋಟೊ ತೆಗೆದವನು ಅವನು. ಅದೇ ಕೋಣೆಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವಳು ನಾನು. ಅವನು ನನಗಿಟ್ಟ ಹೆಸರು ಗಡಿಬಿಡಿ.

ಅಷ್ಟು ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವುದು ಕಾಗದದಷ್ಟು ದಪ್ಪದ ಜಾಗ ಮಾತ್ರ. ಕಣ್ಣು ಸಿಕ್ಕಿದರೆ ರೆಕ್ಕೆ ಮಸುಕು, ರೆಕ್ಕೆ ಸಿಕ್ಕಿದರೆ ಕಣ್ಣು ಮಸುಕು. ಅಣ್ಣ ಉಸಿರು ಬಿಗಿಹಿಡಿದು ಲೆನ್ಸಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಬೆಳಕಳೆಯುವ ಮೀಟರಿನ ಮೇಲೂ ಅವನಿಗೆ ಅನುಮಾನವೇ. "ಬಿಳಿ ಹಾಳೆ ತೋರಿಸಿದ್ರೂ ಬೂದು ಅನ್ನತ್ತೆ, ಕರಿ ಹುಳ ತೋರಿಸಿದ್ರೂ ಬೂದು ಅನ್ನತ್ತೆ. ಹೇಳೋದನ್ನ ಕೇಳು, ನಂಬೋಕೆ ಹೋಗ್ಬೇಡ." ಹಾಗಾಗಿ ಹುಳ ಕೂರುವ ಜಾಗದಲ್ಲಿ ಮೊದಲು ಬೂದು ರಟ್ಟನ್ನಿಟ್ಟು, ಅದರ ನಡುವಿನ ಚುಕ್ಕಿಯಷ್ಟು ಜಾಗದ ಬೆಳಕು ಅಳೆದು, ಆಮೇಲೆ ಹುಳವನ್ನು ತರುತ್ತಿದ್ದ.

ಈಗಿನ ಲೆನ್ಸ್ ಬಂದ ದಿನ ಅದರ ಮೋಟಾರನ್ನು ಒಮ್ಮೆ ಓಡಿಸಿ, ಕಿವಿಗೆ ಹಿಡಿದು, ನನ್ನ ಕಿವಿಗೂ ಹಿಡಿದ. ಒಂದು ಚೂರೂ ಸದ್ದಿಲ್ಲ. "ನೋಡು ಗಡಿಬಿಡಿ, ಗೊಣಗದೆ ಕೆಲಸ ಮಾಡೋದು ಅಂದ್ರೆ ಹೀಗೆ!" ಎಂದು ನಕ್ಕು, ಪಕ್ಕದ ಗುಂಡಿಯನ್ನು ಕೈಯಿಂದಲೇ ಫೋಕಸ್ ಮಾಡುವ ಮ್ಯಾನ್ಯುಯಲ್‌ಗೆ ತಳ್ಳಿದ. ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ಹೋದ ವರ್ಷ ಅವನ ಚಿತ್ರಗಳು ಕೆಡತೊಡಗಿದವು. ಬೆನ್ನಿನ ರೋಮ ಎದ್ದು ಕಾಣುತ್ತಿತ್ತು, ಕಣ್ಣು ಮಂಜಾಗಿರುತ್ತಿತ್ತು. ಅವನ ಎಡಗಣ್ಣು ಚಿಕ್ಕಂದಿನಿಂದಲೂ ಮಂದ, ಬದುಕೆಲ್ಲ ಬಲಗಣ್ಣಿನ ಮೇಲೆಯೇ ನಡೆದಿತ್ತು. ನಾನು ಕಾಡಿ ಬೇಡಿ ಕಣ್ಣಿನ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಸಿದೆ. ಅಷ್ಟರಲ್ಲಿ ಮೇಲ್ವಿಚಾರಕರು ಬಂದು, ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದರು. ಅಣ್ಣ ತಲೆ ತಗ್ಗಿಸಿ ಕೂತ.

ಮರುದಿನ ಅವನು ನೀರು ಕುಡಿಯಲು ಎದ್ದಾಗ ನಾನು ಲೆನ್ಸಿನ ಗುಂಡಿಯನ್ನು ಆಟೋಫೋಕಸ್‌ಗೆ ತಳ್ಳಿದೆ. ಫೋಕಸ್ ಚೌಕವನ್ನು ಜೀರುಂಡೆಯ ಕಣ್ಣಿನ ಮೇಲೆ ಕೂರಿಸಿದೆ. ಅವನು ಬಂದು ಎಂದಿನಂತೆ ಬಳೆ ತಿರುಗಿಸಿ ಫೋಟೊ ತೆಗೆಯುವ ಗುಂಡಿ ಒತ್ತಿದ. ಒತ್ತಿದ ಕ್ಷಣ ಲೆನ್ಸ್ ಅವನ ತಪ್ಪನ್ನು ತಾನೇ ತಿದ್ದಿತು.

ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿ, ಆ ಮಂದ ಎಡಗಣ್ಣನ್ನೇ ಅದಕ್ಕೆ ತಾಗಿಸುವಷ್ಟು ಹತ್ತಿರ ಹೋಗಿ ನೋಡಿದ. "ಬಾರೇ ಇಲ್ಲಿ! ಕಣ್ಣಿನ ಒಂದೊಂದು ಹರಳೂ ಎಣಿಸ್ಬಹುದು. ನನ್ನ ಕಣ್ಣಿಗೇನಾಗಿದೆ ಅಂತ ಡಾಕ್ಟ್ರು?" ಆಗಲೇ ಫೋನ್ ಮಾಡಿ ಬರುವುದಿಲ್ಲವೆಂದು ಹೇಳಿಬಿಟ್ಟ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಎಷ್ಟೋ ದಿನದಿಂದ ಕಂಡಿರಲಿಲ್ಲ. ಬಾಯಿಬಡಕಿ ಎನಿಸಿಕೊಂಡ ನಾನು ಅವತ್ತು ಬಾಯಿಗೆ ಬೀಗ ಹಾಕಿಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಏಳು ತಿಂಗಳು ಹಾಗೆಯೇ ಅಂದುಕೊಂಡೆ.

ಸಂಗ್ರಹಾಲಯದ ಮೆಟ್ಟಿಲಲ್ಲಿ ಅವನು ಎಡವಿ ಬಿದ್ದ ಮೇಲೆ ಡಾಕ್ಟರ ಹತ್ತಿರ ಹೋದೆವು. ಅವರು ಬಲಗಣ್ಣಿನೊಳಗೆ ಬಹಳ ಹೊತ್ತು ನೋಡಿದರು. "ರೆಟಿನಾ ನಡುವೆ ರಕ್ತ ಸೋರಿ ಕಲೆ ಕಟ್ಟಿಬಿಟ್ಟಿದೆ. ಆರೇಳು ತಿಂಗಳ ಹಿಂದೆ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಉಳಿಸ್ಕೋಬಹುದಿತ್ತು. ಇಂಥ ಕೆಲಸ ಮಾಡೋರು ನೀವು, ಗೊತ್ತಾಗ್ಲಿಲ್ವಾ?"

"ಚಿತ್ರ ಚೆನ್ನಾಗೇ ಬರ್ತಿತ್ತಲ್ಲ ಡಾಕ್ಟ್ರೆ" ಎಂದ ಅಣ್ಣ.

ಅಣ್ಣ ಕೆಲಸ ಬಿಟ್ಟು ಕೋಣೆ ತೆರವು ಮಾಡುವ ದಿನ ಹೇಳಿಬಿಟ್ಟೆ. ಗುಂಡಿ ತಳ್ಳಿದ್ದು, ಸುಮ್ಮನಿದ್ದದ್ದು, ಎಲ್ಲ. ಅವನ ಕಣ್ಣು ಕಿತ್ತವಳು ನಾನೇ ಎಂದು ಅತ್ತೆ. ಅಣ್ಣ ಲೆನ್ಸಿನ ಮೇಲೆ ಅಂಗೈಯಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

"ಗೊತ್ತಿತ್ತು ಕಣೇ. ಮೊದಲ ದಿನವೇ ಮೋಟಾರಿನ ಸದ್ದು ಕೇಳಿಸ್ತು ನಂಗೆ. ಕೆಲಸ ಹೋಗತ್ತೆ ಅಂತ ನಾನೇ ಸುಮ್ಮನಿದ್ದೆ. ನಿಂದೇನೂ ತಪ್ಪಿಲ್ಲ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವನು ಗೋಡೆ ತಡವಿಕೊಂಡು ಬಾಗಿಲವರೆಗೆ ಹೋದ. ನಾನು ಕ್ಯಾಮೆರಾವನ್ನು ಡಬ್ಬಿಯಲ್ಲಿಡಲು ಎತ್ತಿಕೊಂಡೆ. ಯಾಕೋ ಲೆನ್ಸನ್ನು ಕಿವಿಗಾನಿಸಿ, ಮೋಟಾರು ಓಡುವಂತೆ ಫೋಟೊ ತೆಗೆಯುವ ಗುಂಡಿಯನ್ನು ಅರ್ಧ ಒತ್ತಿದೆ. ಮತ್ತೆ ಒತ್ತಿದೆ. ಆ ಕೋಣೆಯಲ್ಲಿ ಕೇಳಿಸಿದ್ದು ನನ್ನ ಉಸಿರು ಮಾತ್ರ.

ಬಾಗಿಲ ಹತ್ತಿರ ಅಣ್ಣ ಈ ಕಡೆ ಮುಖ ಮಾಡಿ ನಿಂತಿದ್ದ. "ಕೇಳಿಸ್ತು ತಾನೇ ಸದ್ದು?"

"ಹೂಂ ಅಣ್ಣ, ಕೇಳಿಸ್ತು" ಎಂದೆ.