ನಾಳೆಯ ಸಹಿ

ಗಾಡಿ ಬರೋದು ಮೊದಲು ಕಿವಿಗೆ ಗೊತ್ತಾಗೋದಿಲ್ಲ, ಅಂಗಾಲಿಗೆ ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿದ ವರ್ಷ ಕೊಟ್ಟ ಬೂಟಿನ ಅಟ್ಟೆ ಸವೆದು ಕಾಗದದಂತಾಗಿದೆ. ಜಲ್ಲಿಕಲ್ಲು ಒಂದೊಂದೂ ಚುಚ್ಚುತ್ತದೆ. ಅಂಥ ಬೂಟಿನಲ್ಲಿ ಗಾಡಿ ಇನ್ನೂ ಒಂದು ಮೈಲಿ ದೂರ ಇರುವಾಗಲೇ ಕಾಲು ಜುಮ್ಮೆನ್ನುತ್ತದೆ. ಎರಡೇಟು ಅದಕ್ಕೇ ಹೇಳ್ತಿದ್ದ, "ಹೊಸ ಬೂಟು ಕೇಳ್ಬೇಡಿ ಕಣ್ರೋ, ಸಾಯ್ತೀರಿ."

ಎರಡೇಟು ಅಂದರೆ ಹಳಿ ರಿಪೇರಿ ಮಾಡೋ ನಮ್ಮ ಗ್ಯಾಂಗಿನವನು. ಹಳಿಯ ಬೆಣೆ ಕೂರಿಸೋಕೆ ಬೇರೆಯವರಿಗೆ ಸುತ್ತಿಗೆಯ ಐದು ಏಟು ಬೇಕು, ಅವನಿಗೆ ಎರಡೇ ಸಾಕು. ನನ್ನನ್ನು ಅವನು ಟೀಚರಮ್ಮ ಅಂತಿದ್ದ. ನಾನು ಓದಿದ್ದು ಅಷ್ಟಕ್ಕಷ್ಟೇ, ಅಂಗಡಿ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು. ಊಟದ ಹೊತ್ತಲ್ಲಿ, ಹಳಿಗೆ ಅಡ್ಡ ಹಾಕಿರೋ ಸ್ಲೀಪರ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಅವನಿಗೆ ಸಹಿ ಕಲಿಸಿದೆ. ಎರಡು ತಿಂಗಳು ಹಿಡೀತು. ಕೊನೇ ಅಕ್ಷರಕ್ಕೆ ಒಂದು ಉದ್ದನೆ ಬಾಲ ಎಳೀತಿದ್ದ. "ಗಾಡಿಗೆ ಕೊನೇಲಿ ಗಾರ್ಡಿನ ಡಬ್ಬಿ ಬೇಡ್ವಾ ಟೀಚರಮ್ಮ?" ಅಂತಿದ್ದ.

ನಮ್ಮ ಗ್ಯಾಂಗಿನಲ್ಲಿ ಹದಿನಾಲ್ಕು ಜನ ಇರಬೇಕು. ಇದ್ದದ್ದು ಮೇಸ್ತ್ರಿ ಸೇರಿ ಎಂಟು. ಅದರಲ್ಲಿ ನನ್ನ ಕೆಲಸ ಕಾವಲು. ಗುಡ್ಡ ಕಡಿದು ಹಳಿ ಹಾಕಿರೋ ತಿರುವಿನಲ್ಲಿ ಕೆಂಪು ಬಾವುಟ, ಸೀಟಿ ಹಿಡಿದು ನಿಲ್ಲೋದು. ಗಾಡಿ ಕಂಡರೆ ಊದೋದು. ಅಷ್ಟೇ. ಆದರೆ ಆ ಅಷ್ಟೇ ಮೇಲೆ ಏಳು ಜನರ ಜೀವ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಾಚಿಕೆಯ ವಿಷಯ. ದಿನಾ ಬೆಳಿಗ್ಗೆ ಹಳಿಗೆ ಇಳಿಯೋ ಮೊದಲು ಒಂದು ಪುಸ್ತಕಕ್ಕೆ ಎಲ್ಲರೂ ಸಹಿ ಹಾಕಬೇಕು: "ಇವತ್ತು ಕಾವಲಿಗೆ ಇಂಥವರು ನಿಂತಿದ್ದಾರೆ, ನಮಗೆ ತಿಳಿದಿದೆ." ಆ ಪುಸ್ತಕ ಇರೋದು ಸಾಮಾನಿನ ಗುಡಿಸಲಲ್ಲಿ, ಕೆಲಸದ ಜಾಗಕ್ಕೆ ಉಲ್ಟಾ ದಿಕ್ಕಲ್ಲಿ, ಒಂದು ಮೈಲಿ. ಯಾರು ದಿನಾ ಹೋಗಿ ಬರ್ತಾರೆ? ಸೋಮವಾರವೇ ಶನಿವಾರದವರೆಗಿನ ಆರೂ ಸಹಿ ಹಾಕಿ ಮುಗಿಸ್ತಿದ್ದೆವು. ಮೇಸ್ತ್ರಿ ಹೇಳಿದ್ದಲ್ಲ, ನಾವೇ ಕೇಳಿಕೊಂಡದ್ದು. ಎರಡೇಟಿಗಂತೂ ಆರು ಸಲ ಬರೆಯೋದು ಅಂದರೆ ಖುಷಿ.

ಬುಧವಾರ ಬೆಳಿಗ್ಗೆ ಮೇಸ್ತ್ರಿಯ ಫೋನು ಬಡಿದುಕೊಂಡಿತು. ಆ ಕಡೆ ಸೆಕ್ಷನ್ ಸಾಹೇಬರು. ತಿರುವಿನ ಹಳಿ ಕುಸಿದಿದೆ, ಹನ್ನೊಂದರೊಳಗೆ ಎತ್ತಿ ಜಲ್ಲಿ ತುಂಬಬೇಕು. ಅವತ್ತು ಇಬ್ಬರು ಜ್ವರ ಅಂತ ಬಂದಿರಲಿಲ್ಲ.

"ಆರು ಜನ ಸಾರ್. ಒಬ್ಬಳು ಕಾವಲಿಗೆ ಹೋದ್ರೆ ಐದೇ ಉಳಿಯೋದು."

ಫೋನಿನಿಂದ ಬಂದ ಮಾತು ನಮಗೆಲ್ಲ ಕೇಳಿಸಿತು. "ಹನ್ನೊಂದರ ತನಕ ಯಾವ ಗಾಡೀನೂ ಇಲ್ಲ ಕಣಯ್ಯ. ಅವಳೇನು ಅಲ್ಲಿ ನಿಂತು ಬಿಸಿಲು ಕಾಯಿಸ್ತಾಳಾ? ಕರ್ಕೊ."

ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. "ಬಾವುಟ ಇಟ್ಟು ಬಾಮ್ಮ," ಅಂದ.

ಹಳಿಯ ಕೆಳಗೆ ಜಾಕಿ ಕೊಟ್ಟು ಎತ್ತಿದ್ದೆವು. ನಾನು ಬುಟ್ಟಿಯಲ್ಲಿ ಜಲ್ಲಿ ಸುರೀತಿದ್ದೆ. ಕಾಲು ಜುಮ್ಮೆಂದಿತು. ಜಲ್ಲಿ ಬಿದ್ದ ಅದುರು ಅಂದುಕೊಂಡೆ. ಆಮೇಲೆ ತಿರುವಿನಲ್ಲಿ ಗಾಡಿಯ ಮೂತಿ ಕಂಡಿತು. ಹೊತ್ತಿಗೆ ಮುಂಚೆ ಬಿಟ್ಟಿದ್ದ ಗಾಡಿ. ನಮಗೆ ಯಾರೂ ಹೇಳಿರಲಿಲ್ಲ.

ಐದು ಜನ ಹಾರಿದೆವು. ಎರಡೇಟು ಹಾರಲಿಲ್ಲ.

ಜಾಕಿ ಹಳಿಯ ಕೆಳಗೇ ಇತ್ತು. ಅದರ ಮೇಲೆ ಗಾಡಿ ಹತ್ತಿದರೆ ಹಳಿ ಬಿಟ್ಟು ಉರುಳುತ್ತದೆ, ಹದಿನೆಂಟು ಡಬ್ಬಿ, ತುಂಬಾ ಜನ. ಅವನು ಮೊಣಕಾಲೂರಿ ಜಾಕಿಯ ಪಿನ್ನು ಹೊಡೆದ. ಒಂದು ಏಟು. ಎರಡು. ಜಾಕಿ ಕಳಚಿತು. ಅವನು ಏಳಲಿಲ್ಲ.

ಗಾಡಿ ಮುಂದೆ ಹೋಗಿ ನಿಂತಿತು. ಡ್ರೈವರ್ ಇಳಿದು ಓಡಿ ಬಂದ. ಎರಡೇಟು ಬಿದ್ದಲ್ಲಿಗೆ ಬರದೆ ನಮ್ಮ ಹತ್ತಿರವೇ ನಿಂತು, ಜಲ್ಲಿಯ ಮೇಲೆ ಕೂತುಬಿಟ್ಟ. ಯಾರೋ ನೀರಿನ ಬಾಟ್ಲಿ ಕೊಟ್ಟರು, ಅರ್ಧ ಅಂಗಿಯ ಮೇಲೇ ಚೆಲ್ಲಿಕೊಂಡ. "ಅವನು ನನ್ನ ಕಡೆ ನೋಡ್ಲೇ ಇಲ್ಲ ಅಣ್ಣ," ಅಂತ ಮೇಸ್ತ್ರಿಯ ಕೈ ಹಿಡಿದು ಹೇಳಿದ. "ಜಾಕಿ ನೋಡ್ತಿದ್ದ. ನಾನು ಹಾರ್ನ್ ಹೊಡೀತಾನೇ ಇದ್ದೆ."

ಕಿಟಕಿಗಳ ತುಂಬಾ ತಲೆ. "ಏನಾಯ್ತು?" "ಯಾರೋ ಬಿದ್ದವ್ನೆ." "ಕುಡ್ದಿರ್ಬೇಕು ಬಿಡಿ." "ಎಷ್ಟೊತ್ತಾಗುತ್ತೆ? ನನಗೆ ಕೋರ್ಟಿದೆ." ಇಬ್ಬರು ಇಳಿದು ಫೋನು ಎತ್ತಿ ಹಿಡಿದರು. ಮೂರನೇ ಡಬ್ಬಿಯಿಂದ ವಯಸ್ಸಾದ ಹೆಂಗಸೊಬ್ಬರು ಕಷ್ಟಪಟ್ಟು ಇಳಿದು ಬಂದು, ತಮ್ಮ ಹೊದಿಕೆ ಅವನ ಮೇಲೆ ಹಾಕಿದರು. "ವಾಪಸ್ ಬೇಡಮ್ಮ," ಅಂದರು ನನಗೆ. ಬೇರೆ ಏನೂ ಕೇಳಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಗಾಡಿ ಹೊರಟಿತು. ಅದೇ ಡ್ರೈವರ್ ಓಡಿಸಿದ. ಬದಲಿ ಇಲ್ಲವಂತೆ.

ಮಧ್ಯಾಹ್ನ ಸಾಹೇಬರು ಗುಡಿಸಲಿಗೆ ಬಂದರು. ನನ್ನೊಬ್ಬಳನ್ನೇ ಒಳಗೆ ಕರೆದರು. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಪುಸ್ತಕ ತೆರೆದು ಬೆರಳಿಟ್ಟರು.

"ಇದು ನಿನ್ನ ಸಹಿ ತಾನೆ? ಕಾವಲಿಗೆ ನೀನು. ನೀನು ಸೀಟಿ ಊದ್ಲಿಲ್ಲ ಅಂತಾದ್ರೆ ಏನು ಗೊತ್ತಾ? ಕೆಲ್ಸ ಹೋಗೋದು ಆಮೇಲೆ, ಮೊದ್ಲು ಜೈಲು."

"ನೀವೇ ಕರ್ಕೊ ಅಂದ್ರಲ್ಲ ಸಾರ್."

"ಎಲ್ಲಿ ಬರೆದಿದೆ?"

ನಾನು ಮೇಸ್ತ್ರಿಯ ಕಡೆ ತಿರುಗಿದೆ. ಅವರ ದನಿ ಮೆತ್ತಗಾಯಿತು. "ನೋಡಮ್ಮ, ನಿನ್ನ ಹೊಟ್ಟೆ ಮೇಲೆ ಹೊಡೆಯೋದು ನನಗೂ ಇಷ್ಟ ಇಲ್ಲ. ನೀನು ಸೀಟಿ ಊದಿದೆ. ಅವನು ಕುಡಿದಿದ್ದ, ಕೇಳಿಸ್ಕೊಳ್ಲಿಲ್ಲ. ನಾಳೆ ಹತ್ತು ಗಂಟೆಗೆ ದೊಡ್ಡ ಸಾಹೇಬರು ವಿಚಾರಣೆಗೆ ಬರ್ತಾರೆ. ಇಷ್ಟು ಹೇಳು, ಸಾಕು."

ಕುಡಿದಿದ್ದ ಅಂದರೆ ತಪ್ಪು ಅವನದೇ ಆಗುತ್ತದೆ. ಅವನ ಹೆಂಡತಿಗೆ ಅವನ ಕೆಲಸ ಸಿಗೋದಿಲ್ಲ. ಕ್ವಾರ್ಟರ್ಸು ಬಿಡಬೇಕು. ಕುಡಿಯೋದಿರಲಿ, ಅವನು ಟೀಗೂ ಸಕ್ಕರೆ ಬೇಡ ಅನ್ನೋನು. ಅದು ನನಗೂ ಗೊತ್ತು, ಸಾಹೇಬರಿಗೂ ಗೊತ್ತು. ಆದರೂ ನಾನು ತಲೆ ಆಡಿಸಿದೆ. ಸುಳ್ಳು ಯಾಕೆ ಹೇಳಲಿ, ಆಡಿಸಿದೆ.

ಆಗಲೇ ಸಾಹೇಬರ ಬೆರಳು ಹಾಳೆಯ ಮೇಲೆ ನಿಂತುಬಿಟ್ಟಿತು. ನಾನೂ ನೋಡಿದೆ. ಬುಧವಾರದ ಸಾಲಿನ ಕೆಳಗೆ ಗುರುವಾರ, ಶುಕ್ರವಾರ, ಶನಿವಾರ. ಮೂರಕ್ಕೂ ಅವನ ಸಹಿ ಇತ್ತು, ಬಾಲದ ಸಮೇತ. ಅದರ ಪಕ್ಕದಲ್ಲೇ ನನ್ನದು. ಸತ್ತವನು ನಾಳೆಗೂ ನಾಡಿದ್ದಿಗೂ ಕೆಲಸಕ್ಕೆ ಬಂದಿದ್ದಾನೆ, ನಾನು ಅವನಿಗೆ ಕಾವಲು ನಿಂತಿದ್ದೇನೆ. ಈ ಪುಸ್ತಕ ಬರೀ ಬೊಗಳೆ ಅಂತ ಕುರುಡನಿಗೂ ಕಾಣುವ ಹಾಗಿತ್ತು.

ಸಾಹೇಬರು ಪುಸ್ತಕ ಮುಚ್ಚಿ ಮೇಸ್ತ್ರಿಯ ಕೈಗಿಟ್ಟರು. "ಇದನ್ನ ಒಲೆಗೆ ಹಾಕು." ಇಂಥ ಕೆಲಸ ಅವರು ಸ್ವಂತ ಕೈಯಲ್ಲಿ ಮಾಡೋದಿಲ್ಲ. ಮೇಸ್ತ್ರಿ "ಆಯ್ತು ಸಾರ್" ಅಂದ. ಅವನ ಸರ್ವೀಸು ಮುಗಿಯೋಕೆ ಇನ್ನು ಏಳು ತಿಂಗಳು.

ಅವತ್ತು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಬೀದಿಯಲ್ಲಿ ಬೈಕು ನಿಂತರೆ ಪೊಲೀಸು ಅಂತ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದೆ. ನನ್ನ ಮಗಳು ಕೇಳಿದಳು, "ಅಮ್ಮ, ಎರಡೇಟು ಮಾಮ ಕುಡೀತಿದ್ರಾ? ನಲ್ಲಿ ಹತ್ರ ಎಲ್ಲಾ ಹೇಳ್ತಿದ್ರು." ಪಾತ್ರೆ ತೊಳೆಯೋಕೆ ಕೂತೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಗುರುವಾರ ಎಂಟು ಗಂಟೆಗೇ ನಮ್ಮನ್ನೆಲ್ಲ ಗುಡಿಸಲಿಗೆ ಕರೆಸಿದರು. ಜ್ವರದವರೂ ಬಂದಿದ್ದರು. ಮೇಜಿನ ಮೇಲೆ ಹೊಸ ಪುಸ್ತಕ. ಸಾಹೇಬರು ಸೋಮವಾರ, ಮಂಗಳವಾರ, ಬುಧವಾರ ಅಂತ ಅಂದವಾಗಿ ಗೆರೆ ಎಳೆದಿದ್ದರು.

"ಹಳೇದು ಮಳೆಗೆ ಹಾಳಾಯ್ತು ಅಂತ ಬರ್ಕೊಂಡಿದೀನಿ. ಮೂರು ದಿನದ್ದು ಹಾಕಿ. ಮೊದ್ಲು ನೀನು ಬಾರಮ್ಮ." ಪೆನ್ನಿನ ಟೋಪಿ ತೆಗೆದು ಅವರೇ ಕೊಟ್ಟರು. ಆಮೇಲೆ, ಬಹಳ ಸಾಮಾನ್ಯ ದನಿಯಲ್ಲಿ, "ಅವನದೂ ನೀನೇ ಹಾಕು. ಕಲಿಸಿದವಳು ನೀನೇ ತಾನೆ."

ಪೆನ್ನು ಹಾಳೆಗೆ ಮುಟ್ಟಿತು. ಒಂದು ಚುಕ್ಕೆಯೂ ಬಿತ್ತು. ಅವನ ಮೊದಲ ಅಕ್ಷರ ಹೇಗೆ ತಿರುಗುತ್ತದೆ ಅಂತ ನನ್ನ ಕೈಗೆ ಗೊತ್ತಿತ್ತು. ಕೈ ಅಲ್ಲೇ ನಿಲ್ಲಿಸಿದೆ. ಜೈಲಿನ ಭಯಕ್ಕಲ್ಲ. ಬರೆದರೆ ಅವನನ್ನು ನಾನೇ ಎರಡನೇ ಸಲ ಹಳಿಗೆ ನೂಕಿದ ಹಾಗೆ ಅನ್ನಿಸಿತು.

"ಬರಲ್ಲ ಸಾರ್."

"ಏನು ಬರಲ್ಲ?"

"ಅವನ ಸಹಿ."

"ಸರಿ, ನಿಂದು ಹಾಕು."

"ನಂದೂ ಬರಲ್ಲ."

ಸಾಹೇಬರು ಪೆನ್ನು ಕಿತ್ತು ಪಕ್ಕದವನಿಗೆ ಕೊಟ್ಟರು. ಅವನು ನಮ್ಮಲ್ಲೇ ಹಿರಿಯ. "ಕನ್ನಡಕ ತಂದಿಲ್ಲ ಸಾರ್," ಅಂದ. ಅವನಿಗೆ ಕನ್ನಡಕವೇ ಇಲ್ಲ. ಅವನ ಪಕ್ಕದವನು ಎರಡೂ ಕೈ ಮುಂದೆ ಚಾಚಿ, "ನೋಡಿ ಸಾರ್, ನಡುಗ್ತಿದೆ," ಅಂದ. ನಿಜವಾಗಿಯೂ ನಡುಗುತ್ತಿತ್ತು. ಇನ್ನೊಬ್ಬ, "ನಂದು ಹೆಬ್ಬೆಟ್ಟು, ಇಂಕಿನ ಪ್ಯಾಡ್ ಕಾಣ್ತಿಲ್ಲ." ಜ್ವರದವರಿಬ್ಬರೂ ಒಟ್ಟಿಗೇ, "ನಾವು ಬುಧವಾರ ಬಂದೇ ಇಲ್ವಲ್ಲ." ಧೈರ್ಯವಂತರು ಒಬ್ಬರೂ ಇರಲಿಲ್ಲ. ಹೆದರಿಕೊಂಡು, ಹೆದರಿಕೊಂಡೇ, ಒಬ್ಬರೂ ಬರೆಯಲಿಲ್ಲ.

ಪೆನ್ನು ಮೇಸ್ತ್ರಿಯ ಹತ್ತಿರ ನಿಂತಿತು.

"ಏನಯ್ಯ ಇದು ನಾಟಕ? ಹಳೇದು ಸುಟ್ಟೆ ತಾನೆ?"

ಮೇಸ್ತ್ರಿ ನೆಲ ನೋಡಿದ. "ಒಲೆಗೆ ಹಾಕೋಣ ಅಂತ ಹೋದೆ ಸಾರ್. ಹೋಗಿದ್ದು ಎರಡೇಟಿನ ಮನೆಗೆ. ಅಲ್ಲಿ ನಿನ್ನೆ ಒಲೆ ಹಚ್ಚಿರ್ಲಿಲ್ಲ. ಅವನ ಹೆಂಡ್ತಿ, ಅತ್ತಿಗೆ ಕೈಗೆ ಕೊಟ್ಟು ಬಂದೆ."

ಸಾಹೇಬರು ಕುರ್ಚಿ ಒದ್ದು ಎದ್ದರು. "ಒಬ್ಬೊಬ್ಬರನ್ನೂ ನೋಡ್ಕೋತೀನಿ," ಅಂದರು. ನೋಡಿಕೊಳ್ಳೋರೇ. ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಹತ್ತು ಗಂಟೆಗೆ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ವಿಚಾರಣೆ. ದೊಡ್ಡ ಸಾಹೇಬರು ಫ್ಯಾನಿನ ಕೆಳಗೆ ಕೂತಿದ್ದರು. ಮೂಲೆಯಲ್ಲಿ ಡ್ರೈವರ್, ನಿನ್ನೆಯ ಅಂಗಿಯಲ್ಲೇ. ನಾವು ಗೋಡೆಗೆ ಒರಗಿ ಸಾಲಾಗಿ ನಿಂತೆವು. ಹೊರಗೆ ಪ್ಲಾಟ್‌ಫಾರ್ಮಿನ ಜನ ಬಾಗಿಲಿಗೆ ಮುತ್ತಿದ್ದರು, ಗಾಡಿ ಎಷ್ಟು ಲೇಟು ಅಂತ ಕೇಳೋಕೆ ಬಂದವರು.

ಜನ ದಾರಿ ಬಿಟ್ಟರು. ಅತ್ತಿಗೆ ಬಂದಳು. ಅವನ ಟವೆಲ್ಲಿನಲ್ಲಿ ಸುತ್ತಿದ್ದ ಪುಸ್ತಕ ಬಿಚ್ಚಿ ದೊಡ್ಡ ಸಾಹೇಬರ ಮುಂದೆ ಇಟ್ಟಳು. ಮೇಸ್ತ್ರಿ ಗುರುತಿಗೆ ಅಡ್ಡ ಇಟ್ಟಿದ್ದ ಬೆಂಕಿಕಡ್ಡಿಯ ಜಾಗದಲ್ಲಿ ಹಾಳೆ ತೆರೆದಳು. ಓದೋಕೆ ಬರದವಳು, ಬಾಲ ನೋಡಿ ಗಂಡನ ಸಹಿ ಗುರುತು ಹಿಡಿದಳು. ಅದರ ಮೇಲೆ ಬೆರಳಿಟ್ಟಳು.

"ಇವತ್ತಿನ ತಾರೀಕಿಗೂ ಅವರು ಸಹಿ ಹಾಕಿದಾರಂತೆ ಸಾಹೇಬ್ರೆ. ನಾಳೆದಕ್ಕೂ ಇದೆಯಂತೆ, ನಾಡಿದ್ದಿಗೂ ಇದೆಯಂತೆ." ದನಿ ಏರಲಿಲ್ಲ. "ಆಸ್ಪತ್ರೆಯವರು ಹೆಣ ತಗೊಂಡು ಹೋಗು ಅಂತಾರೆ. ನಿಮ್ಮ ಪುಸ್ತಕ ಕೆಲಸಕ್ಕೆ ಬರ್ತಾರೆ ಅನ್ನುತ್ತೆ. ನಾನು ಯಾವುದನ್ನ ನಂಬ್ಲಿ? ಶನಿವಾರದ ತನಕ ಊಟದ ಡಬ್ಬಿ ಕಟ್ಲಾ?"

ದೊಡ್ಡ ಸಾಹೇಬರು ಹಾಳೆ ನೋಡಿದರು, ಸೆಕ್ಷನ್ ಸಾಹೇಬರನ್ನು ನೋಡಿದರು. ಆಮೇಲೆ ಪುಸ್ತಕ ಮುಚ್ಚೋಕೆ ಕೈ ಚಾಚಿದರು.

ಅತ್ತಿಗೆ ಬೆರಳು ತೆಗೆಯಲಿಲ್ಲ.